ಗುಡ್ಡದ ಇಳಿಜಾರೂ ಡ್ರಮ್ ಬ್ರೇಕಿನ ಶೂಗಳೂ: ಒಂದು ಪರಿಶೀಲನೆ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ ದೇವರಗುಡ್ಡವು ಮಾಲತೇಶ ಸ್ವಾಮಿಯ ಕ್ಷೇತ್ರವೆಂದು ನಾಡಿನಲ್ಲಿ ಪ್ರಸಿದ್ಧವಾಗಿದೆ. ಮಹಾನವಮಿಯ ಸಮಯದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು ಕೇಳಲು ಸುತ್ತಲಿನ ಹಳ್ಳಿಗಳಿಂದಲೂ ದೂರದ ಊರುಗಳಿಂದಲೂ ಜನರು ಬಂದು ನೆರೆಯುವರು. ಆಯುಧಪೂಜೆಯೂ ಆ ದಿನಗಳಲ್ಲಿಯೇ ಬರುವುದರಿಂದ, ಬಂಡಿಗಳನ್ನು ತೊಳೆದು, ಹೂವಿನ ಹಾರ ಹಾಕಿ, ಚಕ್ರದಡಿಯಲ್ಲಿ ನಿಂಬೆಹಣ್ಣನ್ನಿರಿಸಿ ಪೂಜಿಸುವುದೂ ಅದೇ ಕಾಲದಲ್ಲಿ ನಡೆಯುತ್ತದೆ. ಆ ನಿಂಬೆಹಣ್ಣಿಗೆ ಒಂದು ಗೇಣಿನಷ್ಟು ಮೇಲೆ, ಚಕ್ರದ ಒಳಗೆ ಅಡಗಿಕೊಂಡಿರುವ ಒಂದು ಭಾಗವನ್ನು ಮಾತ್ರ ಸಾಮಾನ್ಯವಾಗಿ ಯಾರೂ ತೊಳೆಯುವುದಿಲ್ಲ, ನೋಡುವುದೂ ಇಲ್ಲ. ಅದೇ ಬ್ರೇಕಿನ ಶೂ. ಹಳೆಯ ಕಾರುಗಳಲ್ಲಿ ಈ ಶೂಗಳನ್ನು ಪರೀಕ್ಷಿಸುವ ಮತ್ತು ಬದಲಾಯಿಸುವ ಕ್ರಮವನ್ನು, ಅದರ ಹಿಂದಿರುವ ಭೌತ ತತ್ತ್ವಗಳೊಡನೆ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಬರಹಕ್ಕೆ ನಿಮಿತ್ತವಾದ ಒಂದು ಸಣ್ಣ ಘಟನೆಯುಂಟು. ಬಂಧುಗಳೊಬ್ಬರ ಹಳೆಯ ಅಂಬಾಸಡರ್ ಕಾರಿನಲ್ಲಿ ನಾವು ಐವರು ದೇವರಗುಡ್ಡಕ್ಕೆ ಹೋಗಿ ಹಿಂದಿರುಗುತ್ತಿದ್ದೆವು. ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗಲೆಲ್ಲ ಬಂಡಿಯು ಬಲಕ್ಕೆ ಎಳೆಯತೊಡಗಿತು. ಬಲಭಾಗದಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲ್ನಡಿಗೆಯಿಂದ ಏರಿಬರುತ್ತಿದ್ದ ಯಾತ್ರಿಕರ ಸಾಲಿತ್ತು. ಅನರ್ಥವೇನೂ ಸಂಭವಿಸಲಿಲ್ಲ, ಮೊದಲನೆಯ ಗೇರಿನಲ್ಲಿ ನಿಧಾನವಾಗಿ ಇಳಿದು ಕೆಳಗೆ ಬಂದೆವು. ಆದರೆ ಅದರ ಕಾರಣವೇನೆಂಬ ಪ್ರಶ್ನೆ ಉಳಿಯಿತು. ಇಳಿಜಾರಿನಲ್ಲಿ ಬ್ರೇಕು ಕಾದಿರಬೇಕೆಂದು ನಾವು ಊಹಿಸಿದೆವು. ರಾಣೆಬೆನ್ನೂರಿನ ವೃದ್ಧ ಮೇಸ್ತ್ರಿಯೊಬ್ಬರು ಬಂಡಿಯನ್ನು ಹತ್ತು ಮಾರು ಓಡಿಸಿ ನೋಡಿ, “ಇದು ಬಿಸಿ ಅಲ್ಲರೀ ಸರ, ಎಡಗಡೆ ಶೂ ಎಣ್ಣಿ ಕುಡದೈತಿ” ಎಂದರು. ಈ ಎರಡು ಅಭಿಪ್ರಾಯಗಳಲ್ಲಿ ಯಾವುದು ಸರಿಯೆಂಬುದನ್ನು ಲೆಕ್ಕದಿಂದಲೂ ಪ್ರತ್ಯಕ್ಷ ಪರೀಕ್ಷೆಯಿಂದಲೂ ತಿಳಿಯಬಹುದಾಗಿದೆ.

ರಚನೆ

ಕೊಲ್ಕತ್ತೆಯ ಸಮೀಪದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ತಯಾರಿಸುತ್ತಿದ್ದ ಅಂಬಾಸಡರ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಬಳಕೆಗೆ ಬಂದಿತು. 2014ರಲ್ಲಿ ಅದರ ತಯಾರಿಕೆ ನಿಂತಿತು. ಕೊನೆಯ ವರ್ಷಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂದಿತಾದರೂ, ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಗಳೇ ಇದ್ದವು. ಪ್ರೀಮಿಯರ್ ಪದ್ಮಿನಿಯೂ ಇದೇ ಬಗೆಯದು. ಆದುದರಿಂದ ಇಲ್ಲಿ ಹೇಳುವ ಮಾತುಗಳು ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಎರಡಕ್ಕೂ ಅನ್ವಯಿಸುತ್ತವೆ.

ಡ್ರಮ್ ಎಂಬುದು ಚಕ್ರದೊಡನೆ ತಿರುಗುವ, ಬೀಡುಕಬ್ಬಿಣದ, ಬೋಗುಣಿಯಾಕಾರದ ಭಾಗ. ಅದರ ಒಳಗೆ ತಿರುಗದೆ ನಿಂತಿರುವ ಉಕ್ಕಿನ ಹಿಂಬದಿ ತಟ್ಟೆಯ ಮೇಲೆ ಅರ್ಧಚಂದ್ರಾಕಾರದ ಎರಡು ಶೂಗಳನ್ನು ಜೋಡಿಸಿರುತ್ತಾರೆ. ಶೂಗಳ ಹೊರಮೈಗೆ ಘರ್ಷಣೆಯನ್ನುಂಟುಮಾಡುವ ಲೈನಿಂಗನ್ನು ರಿವೆಟ್ಟುಗಳಿಂದಾಗಲಿ ಅಂಟಿನಿಂದಾಗಲಿ ಕೂಡಿಸಿರುತ್ತದೆ. ಚಾಲಕನು ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಎಣ್ಣೆಯ ಮೇಲೆ ಒತ್ತಡ ಬಿದ್ದು, ಅದು ಪಾಸ್ಕಲನ ನಿಯಮದಂತೆ ಕೊಳವೆಗಳ ಮೂಲಕ ಪ್ರತಿಯೊಂದು ಚಕ್ರದ ಸಿಲಿಂಡರಿಗೂ ಸಮನಾಗಿ ಹರಡುವುದು. ಅಲ್ಲಿಯ ಪಿಸ್ಟನ್ನುಗಳು ಶೂಗಳನ್ನು ಹೊರಕ್ಕೆ ತಳ್ಳಿ ಡ್ರಮ್ಮಿಗೆ ಒತ್ತುವುವು. ಕಾಲು ತೆಗೆದೊಡನೆ ಸ್ಪ್ರಿಂಗುಗಳು ಶೂಗಳನ್ನು ಮರಳಿ ಒಳಕ್ಕೆ ಸೆಳೆದುಕೊಳ್ಳುವುವು. ಒಳಗಿನಿಂದ ಹಿಗ್ಗಿ ಹಿಡಿಯುವ ಇಂಥ ಬ್ರೇಕನ್ನು 1902ರಲ್ಲಿ ಬಳಕೆಗೆ ತಂದ ಕೀರ್ತಿ ಫ್ರಾನ್ಸಿನ ಲೂಯಿ ರೆನೋ ಎಂಬಾತನಿಗೆ ಸಲ್ಲುತ್ತದೆ.

ಶಾಖದ ಲೆಕ್ಕ

ಮೊದಲು ನಮ್ಮ ಊಹೆಯನ್ನೇ ಪರೀಕ್ಷಿಸೋಣ. ಐವರು ಕುಳಿತ ಬಂಡಿಯ ತೂಕ 1500 ಕಿಲೋಗ್ರಾಂ ಎಂದೂ, ಅದು 60 ಮೀಟರ್ ಎತ್ತರದಿಂದ ಬರಿಯ ಬ್ರೇಕಿನ ಬಲದಿಂದಲೇ ಸಮವೇಗದಲ್ಲಿ ಇಳಿಯಿತೆಂದೂ ಇಟ್ಟುಕೊಳ್ಳೋಣ. ತೂಕ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರನ್ನು ಗುಣಿಸಿದರೆ 1500 × 9.8 × 60, ಅಂದರೆ ಸುಮಾರು 8.8 ಲಕ್ಷ ಜೂಲುಗಳಷ್ಟು ಸ್ಥಾನಶಕ್ತಿಯು ಶಾಖವಾಗಬೇಕು. ಹೋಲಿಕೆಗಾಗಿ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ ಅದೇ ಬಂಡಿಯನ್ನು ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 2.1 ಲಕ್ಷ ಜೂಲುಗಳು. ಅಂದರೆ ಗುಡ್ಡವನ್ನು ಒಮ್ಮೆ ಇಳಿಯುವುದು, ಅಂಥ ನಾಲ್ಕು ನಿಲುಗಡೆಗಳನ್ನು ಒಂದರ ಹಿಂದೊಂದು ಮಾಡಿದಂತೆಯೇ ಸರಿ.

ಪ್ರತಿಯೊಂದು ಡ್ರಮ್ಮಿನ ತೂಕ 6 ಕಿಲೋಗ್ರಾಂ ಎಂದೂ, ಬ್ರೇಕಿನ ಕೆಲಸದಲ್ಲಿ ನೂರಕ್ಕೆ 65 ಪಾಲು ಮುಂದಿನ ಚಕ್ರಗಳದೆಂದೂ ಭಾವಿಸೋಣ. ಬೀಡುಕಬ್ಬಿಣದ ವಿಶಿಷ್ಟೋಷ್ಣವು ಕಿಲೋಗ್ರಾಮಿಗೆ ಸುಮಾರು 460 ಜೂಲು. ಗಾಳಿಯು ಶಾಖವನ್ನು ಒಯ್ಯುವುದೇ ಇಲ್ಲವೆಂದರೂ ಮುಂದಿನ ಡ್ರಮ್ಮುಗಳ ಉಷ್ಣತೆ 104 ಡಿಗ್ರಿಗಳಷ್ಟು ಏರಿ, 30 ಡಿಗ್ರಿಯ ಹಗಲಿನಲ್ಲಿ 134 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದು. ಬರಿಗೈಯಿಂದ ಮುಟ್ಟಲಾಗದಷ್ಟು ಬಿಸಿ ಇದು. ಆದರೆ ಸಾಮಾನ್ಯ ಲೈನಿಂಗುಗಳು ಗಣನೀಯವಾಗಿ ಹಿಡಿತ ಕಳೆದುಕೊಳ್ಳುವುದು ಸುಮಾರು 250 ಡಿಗ್ರಿಯನ್ನು ದಾಟಿದ ಮೇಲೆ. ಇಷ್ಟೇ ಅಲ್ಲದೆ, ಕಾಯುವುದಾದರೆ ಎಡಬಲಗಳೆರಡೂ ಸಮನಾಗಿಯೇ ಕಾಯುವುವು. ಹಿಡಿತ ತಗ್ಗಿದರೆ ಎರಡೂ ಕಡೆ ತಗ್ಗಬೇಕೇ ಹೊರತು ಬಂಡಿಯು ಒಂದು ಪಕ್ಕಕ್ಕೆ ಎಳೆಯಲಾರದು. ಆದುದರಿಂದ ಶಾಖವೇ ಕಾರಣವೆಂಬ ನಮ್ಮ ಊಹೆಯು ನಿಲ್ಲುವುದಿಲ್ಲ.

ಶಾಖವನ್ನು ಅಲಕ್ಷಿಸಬಹುದೆಂದು ಇದರ ಅರ್ಥವಲ್ಲ. 23 ಸೆಂಟಿಮೀಟರ್ ವ್ಯಾಸದ ಡ್ರಮ್ಮು 100 ಡಿಗ್ರಿ ಕಾದರೆ ಅದರ ವ್ಯಾಸವು ಕಾಲು ಮಿಲಿಮೀಟರಿನಷ್ಟು ಹಿಗ್ಗುವುದು. ಪೆಡಲು ಅಷ್ಟರಮಟ್ಟಿಗೆ ಹೆಚ್ಚು ಕೆಳಗಿಳಿಯುವುದು. ಘಟ್ಟದ ರಸ್ತೆಗಳಲ್ಲಿ ಎತ್ತರವು 60 ಮೀಟರಿಗೆ ಬದಲಾಗಿ 600 ಮೀಟರ್ ಆದಾಗ ಈ ಲೆಕ್ಕವು ಹತ್ತು ಮಡಿ ಬೆಳೆಯುವುದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತಿಗೆ ಇದೇ ಆಧಾರ. ಆಗ ಎಂಜಿನ್ನೇ ಶಕ್ತಿಯ ಬಹುಭಾಗವನ್ನು ಹೀರಿಕೊಳ್ಳುವುದು.

ಅಗ್ರಗಾಮಿ ಮತ್ತು ಅನುಗಾಮಿ ಶೂಗಳು

ಇನ್ನು ಮೇಸ್ತ್ರಿಯ ಅಭಿಪ್ರಾಯವನ್ನು ನೋಡೋಣ. ಒಂದು ಕಡೆಯ ಲೈನಿಂಗಿಗೆ ಎಣ್ಣೆ ತಗುಲಿದರೆ ಬಂಡಿಯು ಅಷ್ಟು ಬಲವಾಗಿ ಎಳೆಯುವುದೇಕೆ? ಇದಕ್ಕೆ ಉತ್ತರವು ಶೂವಿನ ಒಂದು ವಿಶೇಷ ಗುಣದಲ್ಲಿದೆ.

ಶೂವಿನ ಒಂದು ತುದಿ ಆಸರೆಯ ಮೇಲೆ ನಿಂತಿರುತ್ತದೆ. ಇನ್ನೊಂದು ತುದಿಯನ್ನು ಪಿಸ್ಟನ್ನು ತಳ್ಳುತ್ತದೆ. ಡ್ರಮ್ಮು ಪಿಸ್ಟನ್ನಿನ ತುದಿಯಿಂದ ಆಸರೆಯ ಕಡೆಗೆ ತಿರುಗುತ್ತಿದ್ದರೆ, ಘರ್ಷಣೆಯು ಶೂವನ್ನು ತನ್ನೊಡನೆ ಎಳೆದುಕೊಂಡು ಡ್ರಮ್ಮಿಗೆ ಇನ್ನಷ್ಟು ಒತ್ತುವುದು. ಇದು ಅಗ್ರಗಾಮಿ ಶೂ. ಡ್ರಮ್ಮು ವಿರುದ್ಧ ದಿಕ್ಕಿನಲ್ಲಿ ತಿರುಗಿದರೆ ಅದೇ ಘರ್ಷಣೆಯು ಶೂವನ್ನು ಡ್ರಮ್ಮಿನಿಂದ ದೂರಕ್ಕೆ ನೂಕುವುದು. ಇದು ಅನುಗಾಮಿ ಶೂ. ಸನ್ನೆಯ ನಿಯಮವನ್ನು ಅನ್ವಯಿಸಿ, ಆಸರೆಯಿಂದ ಅಳತೆಮಾಡಿದ ಅಂತರಗಳನ್ನು ಸುಲಭವಾಗಿಸಿಕೊಂಡರೆ, ಅಗ್ರಗಾಮಿ ಶೂವಿನ ಹಿಡಿತವು ಹೀಗೆ ದೊರೆಯುವುದು: ಘರ್ಷಣ ಗುಣಾಂಕದ ಇಮ್ಮಡಿಯನ್ನು, ಒಂದರಲ್ಲಿ ಆ ಗುಣಾಂಕವನ್ನು ಕಳೆದು ಬಂದ ಸಂಖ್ಯೆಯಿಂದ ಭಾಗಿಸಬೇಕು. ಅನುಗಾಮಿ ಶೂವಿಗಾದರೋ ಕಳೆಯುವುದಕ್ಕೆ ಬದಲಾಗಿ ಕೂಡಿಸಿ ಭಾಗಿಸಬೇಕು.

ಒಣಗಿದ ಲೈನಿಂಗಿನ ಗುಣಾಂಕ 0.35 ಎಂದುಕೊಂಡರೆ ಅಗ್ರಗಾಮಿ ಶೂವಿನ ಹಿಡಿತ 0.70 ÷ 0.65, ಅಂದರೆ 1.08, ಅನುಗಾಮಿಯದು 0.70 ÷ 1.35, ಅಂದರೆ 0.52. ಪಿಸ್ಟನ್ನು ಎರಡನ್ನೂ ಸಮಬಲದಿಂದ ತಳ್ಳಿದರೂ ಒಂದು ಮತ್ತೊಂದರ ಎರಡರಷ್ಟು ಕೆಲಸ ಮಾಡುತ್ತದೆ. ಎಣ್ಣೆ ತಗುಲಿ ಗುಣಾಂಕವು 0.15ಕ್ಕೆ ಇಳಿಯಿತೆನ್ನಿ. ಅನುಗಾಮಿಯ ಹಿಡಿತ 0.26 ಆಗಿ ಅರ್ಧಕ್ಕಿಳಿಯುವುದು, ಅಗ್ರಗಾಮಿಯದು 0.35 ಆಗಿ ಮೂರನೆಯ ಒಂದು ಪಾಲಿಗೆ ಕುಸಿಯುವುದು. ಹೆಚ್ಚು ದುಡಿಯುವ ಶೂವೇ ಹೆಚ್ಚು ಸೂಕ್ಷ್ಮವೂ ಹೌದು. ಇಂಥ ಕಾರುಗಳ ಮುಂದಿನ ಪ್ರತಿಯೊಂದು ಚಕ್ರದಲ್ಲಿಯೂ ಎರಡು ಸಿಲಿಂಡರುಗಳಿದ್ದು, ಎರಡು ಶೂಗಳೂ ಅಗ್ರಗಾಮಿಗಳೇ ಆಗಿರುತ್ತವೆ. ಆದಕಾರಣ ಎಡಗಡೆಯ ಮುಂಚಕ್ರಕ್ಕೆ ಎಣ್ಣೆ ತಗುಲಿದರೆ ಬಲಗಡೆಯ ಹಿಡಿತವು ಅದರ ಮೂರು ಪಟ್ಟಾಗಿ, ಬಂಡಿಯು ಬಲಕ್ಕೆ ತಿರುಗದೆ ವಿಧಿಯಿಲ್ಲ. ಮೇಸ್ತ್ರಿಯ ಮಾತು ಲೆಕ್ಕಕ್ಕೆ ಸರಿಹೊಂದುತ್ತದೆ.

ಇದೇ ಸೂತ್ರದಿಂದ ಗುಡ್ಡದ ದಾರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಏರುವಾಗ ಬಂಡಿ ನಿಂತು ಹಿಂದಕ್ಕೆ ಜಾರತೊಡಗಿದರೆ ಮುಂದಿನ ಶೂಗಳೆಲ್ಲವೂ ಅನುಗಾಮಿಗಳಾಗಿ, ಅವುಗಳ ಹಿಡಿತ ಅರ್ಧಕ್ಕಿಂತಲೂ ಕಡಿಮೆಯಾಗುವುದು. ಹಿಂದಿನ ಚಕ್ರಗಳಲ್ಲಿ ಒಂದು ಅಗ್ರಗಾಮಿ, ಒಂದು ಅನುಗಾಮಿ ಇರುವುದರಿಂದ ಅವುಗಳ ಹಿಡಿತ ಎರಡು ದಿಕ್ಕಿಗೂ ಸಮನಾಗಿರುವುದು. ಕೈಬ್ರೇಕನ್ನು ಹಿಂದಿನ ಚಕ್ರಗಳಿಗೇ ಜೋಡಿಸಿರುವುದರ ಔಚಿತ್ಯವನ್ನು ಇದರಿಂದ ಗ್ರಹಿಸಬಹುದು.

ಪರೀಕ್ಷಾಕ್ರಮ

ಕೆಲಸವನ್ನು ಗಟ್ಟಿಯಾದ ಸಮನೆಲದ ಮೇಲೆ ಮಾಡಬೇಕು. ಮಳೆಗಾಲದ ಎರೆಭೂಮಿಯಲ್ಲಿ ಜಾಕು ಹೂತುಹೋಗುವ ಅಪಾಯವುಂಟು. ನೆಲದ ಮೇಲಿರುವಾಗಲೇ ಚಕ್ರದ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಉಳಿದ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಟ್ಟು, ಬಂಡಿಯನ್ನು ಎತ್ತಿದ ಮೇಲೆ ಅದನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಜಾಕೊಂದನ್ನೇ ನಂಬಿ ಅಡಿಯಲ್ಲಿ ಕೈಹಾಕಬಾರದು. ಹಿಂದಿನ ಚಕ್ರವಾದರೆ ಕೈಬ್ರೇಕನ್ನು ಬಿಡಬೇಕು. ಶೂಗಳನ್ನು ಡ್ರಮ್ಮಿಗೆ ಹತ್ತಿರ ಮಾಡುವ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ, ಡ್ರಮ್ಮನ್ನು ಹಿಡಿದಿರುವ ಸ್ಕ್ರೂಗಳನ್ನು ಬಿಚ್ಚಿ, ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದರೆ ಡ್ರಮ್ಮು ಬಿಟ್ಟುಬರುವುದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಡ್ರಮ್ಮಿನೊಳಗಿನ ಕರಿಯ ಧೂಳನ್ನು ಬಾಯಿಂದ ಊದುವುದೂ, ಗಾಳಿಯ ಪೈಪಿನಿಂದ ಹಾರಿಸುವುದೂ ನಮ್ಮ ಅನೇಕ ಗ್ಯಾರೇಜುಗಳಲ್ಲಿ ರೂಢಿಯಾಗಿದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವುದು ಸಾಮಾನ್ಯ. ಕಣ್ಣಿಗೆ ಕಾಣದ ಅದರ ಎಳೆಗಳು ಶ್ವಾಸಕೋಶದಲ್ಲಿ ನೆಲಸಿ, ಹಲವು ವರ್ಷಗಳ ಅನಂತರ ಕಲ್ನಾರು ರೋಗವನ್ನೂ ಕ್ಯಾನ್ಸರನ್ನೂ ಉಂಟುಮಾಡುತ್ತವೆಂಬುದು ಸಿದ್ಧವಾದ ವಿಷಯ. ಭಾರತದ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಕಲ್ನಾರು ಕಾರ್ಖಾನೆಗಳ ಕೆಲಸಗಾರರ ಬಗ್ಗೆ ತೀರ್ಪಿತ್ತು, ಕಾರ್ಮಿಕನ ಆರೋಗ್ಯವು ಅವನ ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. ಆದರೆ ರಸ್ತೆಯ ಬದಿಯ ಗ್ಯಾರೇಜಿನಲ್ಲಿ ಡ್ರಮ್ಮಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಊದುವ ಹುಡುಗನಿಗೆ ಈ ವಿಷಯವನ್ನು ತಿಳಿಸುವವರು ಯಾರು? ಧೂಳನ್ನು ನೀರಿನಿಂದ ಚೆನ್ನಾಗಿ ನೆನೆಸಿ, ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಒಣಗಗೊಡದೆ ಚೀಲದಲ್ಲಿ ಕಟ್ಟಿ ಬೇರೆ ಹಾಕಬೇಕು. ಮೂಗು ಬಾಯಿಗಳಿಗೆ ತಕ್ಕ ಮುಸುಕು ಇರಬೇಕು. ಸಾಧಾರಣ ಕರವಸ್ತ್ರವು ಇದಕ್ಕೆ ಸಾಲದು.

ಒಳಭಾಗವನ್ನು ಶುಚಿಮಾಡಿದ ಮೇಲೆ ಐದು ಅಂಶಗಳನ್ನು ಕ್ರಮವಾಗಿ ನೋಡಬೇಕು. ಮೊದಲನೆಯದು ಲೈನಿಂಗಿನ ದಪ್ಪ. ರಿವೆಟ್ಟಿನ ತಲೆಗಿಂತ ಲೈನಿಂಗು ಒಂದು ಮಿಲಿಮೀಟರಿನಷ್ಟೂ ಎತ್ತರವಿಲ್ಲದಿದ್ದರೆ ಶೂ ಬದಲಾಯಿಸತಕ್ಕದ್ದು. ಇನ್ನೂ ಸವೆದರೆ ರಿವೆಟ್ಟು ಡ್ರಮ್ಮನ್ನು ಗೀರುವುದು. ಅಂಟಿಸಿದ ಲೈನಿಂಗಾದರೆ ಎರಡು ಮಿಲಿಮೀಟರಿಗಿಂತ ತೆಳುವಾಗಲು ಬಿಡದಿರುವುದು ಲೇಸು. ಎರಡನೆಯದು ಲೈನಿಂಗಿನ ಮೈ. ಅದು ಗಾಜಿನಂತೆ ಹೊಳೆಯುತ್ತಿದ್ದರೆ ಕಾದು ಬಿರುಸಾಗಿದೆಯೆಂದೂ, ಕಪ್ಪಾಗಿ ಒದ್ದೆಯಾಗಿದ್ದರೆ ಎಣ್ಣೆ ಅಥವಾ ಗ್ರೀಸು ಕುಡಿದಿದೆಯೆಂದೂ ತಿಳಿಯಬೇಕು. ಮೂರನೆಯದು ಸಿಲಿಂಡರು. ಅದರ ರಬ್ಬರಿನ ಮುಸುಕನ್ನು ಮೆಲ್ಲಗೆ ಎತ್ತಿ ನೋಡಿದಾಗ ಎಣ್ಣೆ ಜಿನುಗಿದರೆ ಒಳಗಿನ ರಬ್ಬರು ಸೋತಿದೆಯೆಂದೇ ಅರ್ಥ. ನಾಲ್ಕನೆಯದು ಸ್ಪ್ರಿಂಗುಗಳು. ಸುರುಳಿಗಳ ನಡುವೆ ಸಂದು ಕಂಡರೆ, ಇಲ್ಲವೆ ಬಣ್ಣವು ನೀಲಿಗೆ ತಿರುಗಿದ್ದರೆ ಅವುಗಳ ಬಿಗಿ ಹೋಗಿದೆ. ಐದನೆಯದು ಡ್ರಮ್ಮು. ಸಂತೆಯಲ್ಲಿ ಗಡಿಗೆಯನ್ನು ಬಾರಿಸಿ ಕೊಳ್ಳುವಂತೆ ಡ್ರಮ್ಮನ್ನು ತೂಗುಹಾಕಿ ಬಾರಿಸಬೇಕು. ಬಿರುಕಿದ್ದರೆ ನಾದವು ಮಂಕಾಗುವುದು. ಒಳವ್ಯಾಸವನ್ನು ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆದು, ಅಂಡಾಕಾರವಾಗಿದೆಯೇ ಎಂದು ನೋಡಬೇಕು. ಪೆಡಲು ಕಾಲಿನ ಕೆಳಗೆ ಮಿಡಿಯುವುದು ಬಹುಮಟ್ಟಿಗೆ ಈ ದೋಷದಿಂದಲೇ. ಲೇತಿನಲ್ಲಿ ತಿರುಗಿಸಿ ಸರಿಮಾಡಬಹುದಾದರೂ, ತಯಾರಕರ ಕೈಪಿಡಿಯಲ್ಲಿ ಹೇಳಿದ ಗರಿಷ್ಠ ವ್ಯಾಸವನ್ನು ಮೀರಕೂಡದು.

ನಮ್ಮ ಬಂಡಿಯಲ್ಲಿ ಎಡಗಡೆಯ ಮುಂಚಕ್ರದ ಒಂದು ಸಿಲಿಂಡರು ಜಿನುಗಿ, ಕೆಳಗಿನ ಶೂ ಪೂರ್ತಿಯಾಗಿಯೂ ಮೇಲಿನದು ಅರ್ಧದಷ್ಟೂ ಎಣ್ಣೆ ಕುಡಿದಿದ್ದವು. ಬಲಗಡೆಯದು ಒಣಗಿ ಶುದ್ಧವಾಗಿತ್ತು. ಇದಕ್ಕಿಂತಲೂ ಕಳವಳದ ಸಂಗತಿಯೆಂದರೆ, ಹಳೆಯ ಬಂಡಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಚಕ್ರಗಳಿಗೂ ಒಂದೇ ದ್ರವಮಾರ್ಗವಿರುತ್ತದೆ. ಒಂದು ಕಡೆ ರಬ್ಬರು ಹರಿದರೆ ಎಲ್ಲ ಚಕ್ರಗಳ ಬ್ರೇಕೂ ಒಮ್ಮೆಗೇ ಹೋಗುವುದು. ತಂತಿಯಿಂದ ನಡೆಯುವ ಕೈಬ್ರೇಕೊಂದೇ ಉಳಿಯುವುದು. ಬಂಡಿಯು ಬಲಕ್ಕೆ ಎಳೆದದ್ದು ಆ ವಿಪತ್ತಿನ ಮುನ್ಸೂಚನೆಯಾಗಿತ್ತು.

ಶೂಗಳನ್ನು ಬದಲಾಯಿಸುವುದು

ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು, ಮರಳುಕಾಗದದಿಂದ ಉಜ್ಜಿ ಮತ್ತೆ ಹಾಕುವುದುಂಟು. ಇದು ಸಲ್ಲದು; ಒಳಗೆ ಇಂಗಿದ ಎಣ್ಣೆಯು ಕಾವು ತಗುಲಿದಾಗ ಮತ್ತೆ ಮೇಲಕ್ಕೆ ಬರುವುದು. ಒಂದು ಕಡೆಯದು ಮಾತ್ರ ಕೆಟ್ಟಿದ್ದರೂ ಎಡಬಲಗಳೆರಡರ ಶೂಗಳನ್ನೂ ಒಟ್ಟಿಗೆ ಬದಲಾಯಿಸಬೇಕು. ಗುಣಾಂಕದ ಸ್ವಲ್ಪ ವ್ಯತ್ಯಾಸವೂ ಅಗ್ರಗಾಮಿ ಶೂವಿನಲ್ಲಿ ದೊಡ್ಡ ವ್ಯತ್ಯಾಸವಾಗುವುದೆಂಬುದನ್ನು ಮೇಲೆ ತೋರಿಸಿದೆಯಷ್ಟೆ.

ಒಮ್ಮೆಗೆ ಒಂದು ಕಡೆಯ ಚಕ್ರವನ್ನು ಮಾತ್ರ ಬಿಚ್ಚಬೇಕು. ಬಿಚ್ಚದ ಕಡೆಯು ಜೋಡಣೆಗೆ ಮಾದರಿಯಾಗಿ ಒದಗುವುದು. ಯಾವ ಸ್ಪ್ರಿಂಗು ಯಾವ ರಂಧ್ರದಲ್ಲಿ, ಒಳಗೋ ಹೊರಗೋ ಇತ್ತೆಂಬುದರ ಚಿತ್ರವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಒಂದು ಶೂವಿನ ತುದಿಯನ್ನು ಆಸರೆಯಿಂದ ಹೊರಕ್ಕೆ ಮೀಟಿದರೆ ಸ್ಪ್ರಿಂಗಿನ ಬಿಗಿ ಸಡಿಲಿ ಎರಡೂ ಬಿಟ್ಟುಬರುವುವು. ಪಿಸ್ಟನ್ನು ಹೊರಬೀಳದಂತೆ ಸಿಲಿಂಡರಿಗೆ ತಂತಿಯನ್ನು ಸುತ್ತಬೇಕು. ಡ್ರಮ್ಮು ಇಲ್ಲದಿರುವಾಗ ಪೆಡಲನ್ನು ಯಾರೂ ಒತ್ತಬಾರದು. ಜಿನುಗುವ ಸಿಲಿಂಡರಿನ ರಬ್ಬರನ್ನು ಬದಲಾಯಿಸಬೇಕು. ಒಳಮೈ ಗೀರುಬಿದ್ದು ಕುಳಿಗಳಾಗಿದ್ದರೆ ಸಿಲಿಂಡರನ್ನೇ ಬದಲಾಯಿಸಬೇಕು. ರಬ್ಬರಿನ ಭಾಗಗಳಿಗೆ ಪೆಟ್ರೋಲು, ಸೀಮೆಎಣ್ಣೆ, ಎಂಜಿನ್ ಎಣ್ಣೆಗಳು ತಗುಲಬಾರದು. ಅವುಗಳಿಂದ ರಬ್ಬರು ಊದಿಕೊಳ್ಳುವುದು. ಹಿಂಬದಿ ತಟ್ಟೆಯಲ್ಲಿ ಶೂವಿನ ಅಂಚು ಉಜ್ಜುವ ಕಡೆಗಳಿಗೆ ಮಾತ್ರ, ಕಾವು ತಾಳುವ ಗ್ರೀಸನ್ನು ತೆಳುವಾಗಿ ಸವರಬೇಕು. ಹೊಸ ಲೈನಿಂಗನ್ನು ಗ್ರೀಸಿನ ಕೈಯಿಂದ ಮುಟ್ಟಬಾರದು.

ಜೋಡಣೆ ಮುಗಿದ ಮೇಲೆ, ಹೊಂದಿಸುವ ಸ್ಕ್ರೂವನ್ನು ಚಕ್ರ ಬಿಗಿಯುವವರೆಗೆ ತಿರುಗಿಸಿ, ಚಕ್ರವು ತಡೆಯಿಲ್ಲದೆ ಸುತ್ತುವಷ್ಟು ಮಾತ್ರ ಹಿಂದಕ್ಕೆ ಬಿಡಬೇಕು. ಕೆಲವು ಮಾದರಿಗಳಲ್ಲಿ ಈ ಸ್ಕ್ರೂ ಡ್ರಮ್ಮಿನ ರಂಧ್ರದ ಮೂಲಕ ಸಿಕ್ಕುವುದು. ಕೆಲವುಗಳಲ್ಲಿ ಹಿಂಬದಿ ತಟ್ಟೆಯ ಹೊರಗಿರುವುದು. ಮುಂದಿನ ಚಕ್ರದಲ್ಲಿ ಶೂ ಒಂದಕ್ಕೆ ಒಂದರಂತೆ ಎರಡಿರುವುದನ್ನು ಮರೆಯಬಾರದು. ಪೆಡಲನ್ನು ಎರಡು ಮೂರು ಬಾರಿ ಬಲವಾಗಿ ಒತ್ತಿ ಶೂಗಳು ತಮ್ಮ ಸ್ಥಾನದಲ್ಲಿ ಕುಳಿತ ಅನಂತರ ಮತ್ತೊಮ್ಮೆ ಹೊಂದಿಸಬೇಕು.

ಕೊಳವೆಯನ್ನು ಬಿಚ್ಚಿದ್ದರೆ ಒಳಗೆ ಸೇರಿದ ಗಾಳಿಯನ್ನು ತೆಗೆಯಲೇಬೇಕು. ಗಾಳಿಯು ಕುಗ್ಗುವ ವಸ್ತುವಾದುದರಿಂದ ಪಾದದ ಬಲವೆಲ್ಲ ಅದನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ ಪೆಡಲು ಹತ್ತಿಯಂತೆ ಮೆತ್ತಗಾಗುವುದು. ಮಾಸ್ಟರ್ ಸಿಲಿಂಡರಿಗೆ ಅತಿದೂರದ ಚಕ್ರದಿಂದ ಪ್ರಾರಂಭಿಸಿ, ಒಬ್ಬನು ಪೆಡಲನ್ನು ಒತ್ತಿ ಹಿಡಿದಿರಲು ಇನ್ನೊಬ್ಬನು ನಿಪ್ಪಲ್ಲನ್ನು ತೆರೆದು, ಕಾಲು ತೆಗೆಯುವ ಮೊದಲೇ ಮುಚ್ಚಬೇಕು. ಗುಳ್ಳೆಗಳು ನಿಲ್ಲುವವರೆಗೆ ಹೀಗೆ ಮಾಡಬೇಕು. ಹೊರಬಂದ ಎಣ್ಣೆಯನ್ನು ಮರಳಿ ಉಪಯೋಗಿಸಬಾರದು. ಬ್ರೇಕ್ ಎಣ್ಣೆಯು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡ್ ಇರಬೇಕೆಂಬ ನಿಯಮವಿದೆ. ತೇವ ಹೀರಿದ ಎಣ್ಣೆಗಾದರೋ ಅದು 140 ಡಿಗ್ರಿಗೆ ಇಳಿದಿರುವುದು. ಉದ್ದನೆಯ ಇಳಿಜಾರಿನಲ್ಲಿ ಹಳೆಯ ಎಣ್ಣೆ ಕುದಿದು ಆವಿಯಾದರೆ, ಆ ಆವಿಯೂ ಗಾಳಿಯಂತೆಯೇ ಪೆಡಲನ್ನು ನಿಷ್ಫಲಗೊಳಿಸುವುದು.

ಹೊಸ ಶೂಗಳು ಮೊದಲಿಗೆ ಡ್ರಮ್ಮಿನ ಮೈಗೆ ಪೂರ್ತಿಯಾಗಿ ಕೂಡುವುದಿಲ್ಲ. ಆದುದರಿಂದ ಮೊದಲ ಕೆಲವು ದಿನ ಸಮತಟ್ಟಾದ, ಜನಸಂಚಾರವಿಲ್ಲದ ದಾರಿಯಲ್ಲಿ ಮೃದುವಾಗಿ ಬ್ರೇಕು ಒತ್ತಿ ಓಡಿಸಿ, ಆಮೇಲೆ ಮತ್ತೊಮ್ಮೆ ಹೊಂದಿಸಬೇಕು. ಚಕ್ರಗಳು ನೀರಿನಲ್ಲಿ ಮುಳುಗಿ ಬಂದಾಗ, ನಿಧಾನವಾಗಿ ಸಾಗುತ್ತ ಪೆಡಲನ್ನು ಹಗುರವಾಗಿ ಒತ್ತಿ ಶೂಗಳನ್ನು ಒಣಗಿಸಿಕೊಳ್ಳಬೇಕು.

ಉಪಸಂಹಾರ

ನಮ್ಮ ಊಹೆಗೂ ಮೇಸ್ತ್ರಿಯ ನಿರ್ಣಯಕ್ಕೂ ಇದ್ದ ಅಂತರವು ವಿಚಾರಾರ್ಹವಾಗಿದೆ. ನಾವು ಇಳಿಜಾರೆಂಬ ಎದ್ದುಕಾಣುವ ಸಂಗತಿಯನ್ನು ನೋಡಿ ಶಾಖವೆಂದೆವು. ಅವರು ಬಂಡಿ ಯಾವ ಪಕ್ಕಕ್ಕೆ ಎಳೆಯುತ್ತದೆಂಬುದನ್ನು ನೋಡಿದರು. ಅವರ ಅನುಭವದಲ್ಲಿದ್ದ ತತ್ತ್ವವನ್ನು ಸನ್ನೆಯ ನಿಯಮದಿಂದ ತರಗತಿಯಲ್ಲಿ ಸಾಧಿಸಿ ತೋರಿಸಬಹುದು. ಪ್ರತಿಯಾಗಿ, ಧೂಳನ್ನು ಊದಬಾರದೆಂಬ ತಿಳಿವಳಿಕೆಯನ್ನು ಅವರ ಗ್ಯಾರೇಜಿಗೆ ಮುಟ್ಟಿಸುವುದು ಕಾಲೇಜುಗಳ ಕರ್ತವ್ಯವಾಗಿದೆ. ಊರಿನ ಗ್ಯಾರೇಜಿನಿಂದ ಒಂದು ಹಳೆಯ ಡ್ರಮ್ಮನ್ನೂ ಒಂದು ಜೊತೆ ಶೂಗಳನ್ನೂ ತಂದು, ಚೆನ್ನಾಗಿ ತೊಳೆದು ಪ್ರಯೋಗಶಾಲೆಯಲ್ಲಿರಿಸಿಕೊಂಡರೆ ಘರ್ಷಣೆಯ ಪಾಠಕ್ಕೆ ಅದಕ್ಕಿಂತ ಉತ್ತಮವಾದ ಸಾಧನವು ಬೇಕಾಗಲಾರದು.

ಮಹಾನವಮಿಯಂದು ಬಂಡಿಯನ್ನು ಪೂಜಿಸುವವರು ಅದಕ್ಕೆ ಒಂದು ವಾರ ಮೊದಲು ನಾಲ್ಕು ಡ್ರಮ್ಮುಗಳನ್ನೂ ಬಿಚ್ಚಿಸಿ ನೋಡುವ ಪದ್ಧತಿಯನ್ನಿಟ್ಟುಕೊಳ್ಳಲಿ. ಅದಕ್ಕೆ ತಗಲುವುದು ಒಂದು ದಿನದ ಕೆಲಸ. ಗುಡ್ಡದಿಂದ ಇಳಿಯುವ ಬಂಡಿಯ ಎದುರಿನಲ್ಲಿ ಮಕ್ಕಳನ್ನು ಹೊತ್ತು ಏರಿಬರುವವರಿಗೆ ಅಷ್ಟನ್ನು ನಾವು ಸಲ್ಲಿಸಲೇಬೇಕಾಗಿದೆ.